ಔಟ್‌ಗೋಯಿಂಗ್ ಇಲ್ಲದವನ ಫೋನು

ಶ್ರೀನಿವಾಸಪುರ,
18 ಜೂನ್ 2006, ಭಾನುವಾರ

ನನ್ನ ತಲ್ಲಿ ಗಂಗಾಗೆ,

ನಿನ್ನ ಅಪ್ಪ ವೆಂಕಟರಾಯಪ್ಪ ಮಾಡೋ ಆಶೀರ್ವಾದ. ನಾನೂ ನಿಮ್ಮಮ್ಮನೂ ಇಲ್ಲಿ ಚೆನ್ನಾಗಿದ್ದೀವಿ. ಮಾಲೂರಲ್ಲಿ ನೀನೂ ಅಳಿಯಂದಿರೂ ಸುಖವಾಗಿದ್ದೀರಿ ಅಂದ್ಕೊಂಡಿದ್ದೀನಿ. ಸುರೇಶ್ ಅವರ ಹೆಂಚಿನ ಕಾರ್ಖಾನೆ ಮತ್ತೆ ಶುರುವಾಯ್ತಂತೆ, ನಿಮ್ಮಮ್ಮ ಹೇಳಿದಳು. ಒಳ್ಳೇದಾಯ್ತು.

ನಿನ್ನ ಕಾಗದ ಬಂದು ತಿಂಗಳಾಗ್ತಾ ಬಂತು. ಉತ್ತರ ಬರೀಲಿಲ್ಲ ಅಂತ ಮನಸ್ಸಿಗೆ ಹಚ್ಕೋಬೇಡ. ಮಾವಿನ ಕಾಲ ಹೆಂಗಿರುತ್ತೆ ಅಂತ ನಿನಗೆ ನಾನು ಹೇಳಬೇಕಾ. ಈ ಸಲ ಬಾದಾಮಿ ಕಮ್ಮಿ, ತೋತಾಪುರಿ ಮಾತ್ರ ಸುರಿದಿದೆ. ರಾಯಲ್ಪಾಡು ಕಡೆಯಿಂದ ಬಂದ ಟ್ರ್ಯಾಕ್ಟರ್‌ಗಳು ಮಂಡಿ ಬಾಗಿಲಿಂದ ಬಸ್‌ಸ್ಟ್ಯಾಂಡ್‌ವರೆಗೂ ನಿಂತಿರ್ತವೆ. ನನ್ನ ಜಾಗದಲ್ಲಿ ಈಗ ಮುನಿಶಾಮಿ ಹರಾಜು ಕೂಗ್ತಾನೆ. ಧ್ವನಿ ಸಣ್ಣದು, ಆದ್ರೆ ಹುಡುಗ ಚುರುಕು. ನಾನು ಹೆಂಗಸರ ಜೊತೆ ಕೂತು ಕಾಯಿ ವಿಂಗಡಿಸ್ತೀನಿ. ಸಾಹುಕಾರ್ ಮುನಿಯಲ್ಲಪ್ಪನವರು ಕೆಲಸ ಬಿಡಿಸಲಿಲ್ಲ ಅನ್ನೋದೇ ದೊಡ್ಡದು. ತಡವಾಗಿದ್ದಕ್ಕೆ ಇನ್ನೊಂದು ಕಾರಣ ಇದೆ, ಅದನ್ನ ಮುಂದೆ ಬರೀತೀನಿ. ಮೊದಲು ಫೋನಿನ ವಿಷಯ.

ನಿನ್ನ ಕಾಗದ ಬಂದ ದಿನವೇ ಓದಿದೆ. ನಿಮ್ಮಮ್ಮನಿಗೆ ಓದಿ ಹೇಳೋಕೆ ಆಗಲಿಲ್ಲ ನೋಡು. ಮೊದಲೆಲ್ಲ ನಿನ್ನ ಕಾಗದಾನ ಮಂಡೀಲಿ ಕೂಗೋ ಗಂಟಲಲ್ಲೇ ಓದ್ತಿದ್ದೆ, ಅವಳು ಮೆಲ್ಲಗೆ ಓದಯ್ಯ, ಬೀದಿಯೋರಿಗೆಲ್ಲ ನಮ್ಮ ಸಮಾಚಾರ ಯಾಕೆ ಅಂತ ಗದರ್ತಿದ್ದಳು. ಈಗ ಕಾಗದಾನ ಸೆರಗಲ್ಲಿ ಮುಚ್ಕೊಂಡು ಪಕ್ಕದ ಮನೆ ಶಾಮಲಮ್ಮ ಟೀಚರ್ ಹತ್ರ ಹೋಗಿ ಓದಿಸ್ಕೊಂಡು ಬಂದಳು. ಬಂದವಳೇ, ಮಗಳು ಫೋನ್ ತಗೊಳ್ಳಿ ಅಂತ ಅಷ್ಟು ಕೇಳ್ಕೊಂಡಿದ್ದಾಳೆ, ನೀನು ಮರ ಕೂತಂಗೆ ಕೂತಿದ್ದೀಯಲ್ಲ ಅಂತ ಜಗಳಕ್ಕೆ ನಿಂತಳು. ಸ್ಲೇಟು ತಗೊಂಡು 'ಮಾತಿಲ್ಲದೋನಿಗೆ ಫೋನ್ ಯಾಕೆ' ಅಂತ ಬರೆದೆ. ಬರೆದದ್ದು ಅವಳಿಗೆ ಓದೋಕೆ ಬರಲ್ಲ. ಆದ್ರೂ ನನ್ನ ಮುಖ ನೋಡಿಯೇ ಅರ್ಥ ಮಾಡ್ಕೊಂಡು, ಕಿವಿ ಇದೆಯಲ್ಲ ಅಂದಳು.

ನೀನು ಬರೆದದ್ದು ನಿಜ. ನನ್ನ ಗಂಟಲಿನ ಆಪರೇಷನ್ ಆಗಿ ಧ್ವನಿ ಹೋದಾಗಿಂದ ನೀನು ಶಾಮಲಮ್ಮನವರ ಮನೆಗೆ ಫೋನ್ ಮಾಡಿದಾಗೆಲ್ಲ ಅಮ್ಮ ಒಬ್ಬಳೇ ಓಡಿಹೋಗ್ತಾಳೆ. ಅಪ್ಪ ಹೆಂಗಿದ್ದಾರೆ ಅಂತ ನೀನು ಕೇಳ್ತೀಯ, ಚೆನ್ನಾಗಿದ್ದಾರೆ ಅಂತ ಅವಳು ಹೇಳ್ತಾಳೆ. ಗೋಡೆ ಈಚೆ ನಾನು ಕೂತಿರ್ತೀನಿ. ಬೇರೆಯವರ ಮನೆ ಫೋನ್ ಹಿಡ್ಕೊಂಡು ಮಾತಾಡದೆ ನಿಂತಿದ್ರೆ ಅವರಿಗೂ ಮುಜುಗರ, ನನಗೂ ಮುಜುಗರ. ಅದಕ್ಕೇ ಬರ್ತಿರಲಿಲ್ಲ.

ನೀನು ಬರೆದೆಯಲ್ಲ ಅಂತ ಒಂದು ದಿನ ಬಸ್‌ಸ್ಟ್ಯಾಂಡ್ ಎದುರಿಗಿರೋ ಕದಿರೇಶನ ಅಂಗಡಿಗೆ ಹೋದೆ. ಮೊದಲು ಎಸ್‌ಟಿಡಿ ಬೂತ್ ಇತ್ತಲ್ಲ, ಅದೇ. ಈಗ ಗೋಡೆ ತುಂಬ ಮೊಬೈಲು, ಸಿಮ್ಮು, ರೀಚಾರ್ಜ್ ಕಾರ್ಡು. ಕುತ್ತಿಗೆಗೆ ಸುತ್ತಿರೋ ಬಟ್ಟೆ ತೋರಿಸಿ ಕೈಸನ್ನೆ ಮಾಡಿದೆ. ಅವನು ನನಗೆ ಕಿವಿಯೂ ಕೇಳಲ್ಲ ಅಂದ್ಕೊಂಡು ಅಂಗಡಿ ಅದುರೋ ಹಂಗೆ ಕೂಗಿ ಮಾತಾಡ್ದ. ಚೀಟಿಯಲ್ಲಿ 'ಕಿವಿ ಚೆನ್ನಾಗಿದೆ' ಅಂತ ಬರೆದು ಕೊಟ್ರೆ, ಅದಕ್ಕೆ ಉತ್ತರಾನ ಅವನೂ ಬರೆದೇ ಕೊಟ್ಟ. ಆಮೇಲೆ ಅವನಿಗೇ ನಗು ಬಂತು.

ಒಳ್ಳೆ ಮನುಷ್ಯ, ಬಿಡಿಸಿ ಹೇಳ್ದ. ಎರಡು ಥರ ಇದೆಯಂತೆ. ಒಂದು ತಿಂಗಳು ತಿಂಗಳು ಕಾರ್ಡು ಹಾಕಿಸೋದು. ಅದರಲ್ಲಿ ಮಾತಾಡೋ ರೇಟು ಅಗ್ಗ, ಎಸ್ಸೆಮ್ಮೆಸ್ಸೂ ಅಗ್ಗ. ಆದ್ರೆ ಕಾರ್ಡು ಹಾಕಿಸೋದು ಮರೆತ್ರೆ ನಾವು ಮಾಡೋದಿರಲಿ, ನಮಗೆ ಬರೋ ಫೋನೂ ನಿಂತೋಗುತ್ತೆ. ಇನ್ನೊಂದು ಲೈಫ್‌ಟೈಮ್. ಒಂದೇ ಸಲ ಸಾವಿರದ ಹತ್ರ ಕಟ್ಟಿದ್ರೆ ಇನ್‌ಕಮಿಂಗ್ ಬರ್ತಾನೇ ಇರುತ್ತೆ, ಔಟ್‌ಗೋಯಿಂಗ್ ಮಾತ್ರ ದುಬಾರಿ. 'ಯಾರ ಲೈಫು? ನನ್ನದಾ, ಕಂಪನಿಯದಾ?' ಅಂತ ಬರೆದೆ. ಅದನ್ನ ಇದುವರೆಗೂ ಯಾರೂ ಕೇಳಿಲ್ಲ ಯಜಮಾನ್ರೇ ಅಂದ. ಆಮೇಲೆ ಮೆಲ್ಲಗೆ, ಆರು ತಿಂಗಳಿಗೊಂದು ಸಲ ಅದಕ್ಕೂ ಸ್ವಲ್ಪ ದುಡ್ಡು ಹಾಕಿಸ್ತಾ ಇರಬೇಕು ಅಂತ ಸೇರಿಸಿದ. ನೋಡು, ಲೈಫ್‌ಟೈಮ್ ಅಂತ ಬೋರ್ಡಲ್ಲಿ ಇಷ್ಟು ದೊಡ್ಡದಾಗಿ ಬರ್ಕೊಂಡಿದ್ದಾರೆ.

ಮನೆಗೆ ಬಂದು ಅದನ್ನೆಲ್ಲ ಬರೆದು ಶಾಮಲಮ್ಮನವರ ಕೈಲಿ ನಿಮ್ಮಮ್ಮನಿಗೆ ಓದಿಸಿದೆ. ಅಲ್ಲಿಂದ ಶುರುವಾಯ್ತು ನೋಡು ಪಂಚಾಯ್ತಿ. ನಿಮ್ಮಮ್ಮನಿಗೆ ಲೈಫ್‌ಟೈಮ್ ಸುತರಾಂ ಬೇಡ. ಆ ರೇಟಲ್ಲಿ ಗಂಗಾ ಊಟ ಆಯ್ತಾ ಅನ್ನೋಷ್ಟರಲ್ಲಿ ದುಡ್ಡು ಮುಗಿಯುತ್ತೆ, ಆಮೇಲೆ ಮಾತಾಡೋ ಖರ್ಚೆಲ್ಲ ಮಗಳ ಮನೆ ಮೇಲೆ ಬೀಳುತ್ತೆ, ಹೆಣ್ಣು ಕೊಟ್ಟ ಮನೇಲಿ ಅದೆಲ್ಲ ಮರ್ಯಾದೆ ಅಲ್ಲ ಅಂತ ಅವಳ ವಾದ. ಅದೂ ಸರಿಯೇ. ಶಾಮಲಮ್ಮನವರದ್ದು ಇನ್ನೊಂದು. ನೀವು ಎಸ್ಸೆಮ್ಮೆಸ್ ಕಲೀರಿ ವೆಂಕಟರಾಯಪ್ಪ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದ್ರೆ ಆಯ್ತು ಅಂದ್ರು. ಲಾರಿ ನಂಬರ್ ಓದೋಷ್ಟು ಎಬಿಸಿಡಿ ನನಗೂ ಬರುತ್ತೆ. ಅವರ ಮೊಬೈಲಲ್ಲಿ ಕಲಿಸೋಕೆ ಕೂತ್ರು. ಊಟ ಅಂತ ಹೊಡೆದೆ, ಅವರು ಅದನ್ನ ಉಟ್ಟ ಅಂತ ಓದಿದ್ರು. ನಿಮ್ಮಮ್ಮ ಬಿದ್ದು ಬಿದ್ದು ನಕ್ಕಳು. ಮುನಿಯಲ್ಲಪ್ಪನವರು ಮಾತ್ರ, ಯಾವುದಾದ್ರೂ ತಗೊಳ್ಳಯ್ಯ, ನನ್ನ ಹಳೇ ಸೆಟ್ಟು ಸುಮ್ಮನೆ ಬಿದ್ದಿದೆ ಕೊಡ್ತೀನಿ ಅಂದ್ರು.

ಎಲ್ಲರದ್ದೂ ಕೇಳಿಸ್ಕೊಂಡೆ. ಒಂದಕ್ಕೊಂದು ಹೊಂದಿಸಿ ನೋಡಿದೆ. ಅಗ್ಗದ ಮಾತು ತಗೊಂಡ್ರೆ ಆಡೋಕೆ ನನಗೆ ಮಾತಿಲ್ಲ, ಇನ್‌ಕಮಿಂಗ್ ತಗೊಂಡ್ರೆ ಅಳಿಯಂದಿರಿಗೆ ಭಾರ, ಎಸ್ಸೆಮ್ಮೆಸ್ ತಗೊಂಡ್ರೆ ನಾನು ಊಟ ಅಂದ್ರೆ ನೀನು ಸೀರೆ ಅಂದ್ಕೊಳ್ತೀಯ. ಕೊನೆಗೆ ಯಾವುದೂ ಬೇಡ ಅಂತ ಸ್ಲೇಟು ಒರೆಸಿಟ್ಟೆ. ನಿಮ್ಮಮ್ಮ ಎರಡು ದಿನ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ. ಮನೇಲಿ ಮಾತಾಡೋಳು ಅವಳೊಬ್ಬಳೇ. ಅವಳೂ ಸುಮ್ಮನಾದ್ರೆ ಹೆಂಗಿರುತ್ತೆ ಅಂತ ಆಗ ಗೊತ್ತಾಯ್ತು.

ಈಗ ಆ ಇನ್ನೊಂದು ವಿಷಯ. ಗಾಬರಿಯಾಗಬೇಡ ತಲ್ಲಿ, ಈಗ ಎಲ್ಲ ಸರಿಯಾಗಿದೆ. ನಾನು ಇದನ್ನ ಬರೀತಾ ಇದ್ರೆ ನಿಮ್ಮಮ್ಮ ಪಕ್ಕದಲ್ಲೇ ಕೂತು ಹುಣಸೆಹಣ್ಣು ಬಿಡಿಸ್ತಿದ್ದಾಳೆ.

ಹೋದ ಮಂಗಳವಾರ ಮಂಡಿಗೆ ಮಾಲು ಕಮ್ಮಿ ಇತ್ತು, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಅವಳು ಹಿತ್ತಲಲ್ಲಿ ಬಟ್ಟೆ ಒಗೀತಿದ್ದಳು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಬಿಂದಿಗೆ ಉರುಳಿದ ಸದ್ದಾಯ್ತು. ಹೋಗಿ ನೋಡಿದ್ರೆ ಒಗೆಯೋ ಕಲ್ಲಿನ ಪಕ್ಕ ಬಿದ್ದಿದ್ದಾಳೆ, ಕಣ್ಣು ಮುಚ್ಚಿದೆ. ನೀರು ಚಿಮುಕಿಸಿದೆ, ಕೆನ್ನೆ ತಟ್ಟಿದೆ, ಏಳಲಿಲ್ಲ. ಹೆಸರು ಹಿಡಿದು ಕರೆಯೋಣ ಅಂದ್ರೆ ನನಗೆ ಧ್ವನಿ ಇಲ್ಲ.

ಬೀದಿಗೆ ಓಡಿದೆ. ಬಿಸಿಲಿಗೆ ಎಲ್ಲರ ಬಾಗಿಲೂ ಮುಚ್ಚಿತ್ತು. ಲಾರಿಗಳ ಸದ್ದು ಮೀರಿ ಬಸ್‌ಸ್ಟ್ಯಾಂಡ್‌ವರೆಗೂ ಕೇಳೋ ಹಂಗೆ ಬಾದಾಮಿ ರೇಟು ಕೂಗ್ತಿದ್ದೋನು ನಾನು. ನನ್ನ ಮನೆ ಮುಂದೆ ನಿಂತ್ಕೊಂಡು ಯಾರಾದ್ರೂ ಬನ್ನಿ ಅನ್ನೋಕಾಗಲಿಲ್ಲ ಗಂಗಾ. ಒಳಗೆ ಬಂದು ಹಿತ್ತಾಳೆ ತಟ್ಟೆ, ಸೌಟು ತಗೊಂಡೆ. ಬೀದೀಲಿ ನಿಂತು ಬಡಿದೆ. ಎದುರುಮನೆ ಕಿಟಕಿ ತೆಗೀತು, ನೋಡಿ ಮುಚ್ಚಿತು. ಅವರದ್ದೂ ತಪ್ಪಲ್ಲ, ಬೀದೀಲಿ ತಟ್ಟೆ ಬಡಿಯೋ ಗಂಡಸನ್ನ ನೋಡಿದ್ರೆ ಯಾರು ತಾನೆ ಹೊರಗೆ ಬರ್ತಾರೆ. ಶಾಮಲಮ್ಮನವರೂ ಪಾತ್ರೆ ಮಾರೋನು ಅಂದ್ಕೊಂಡು ಮಲಗೇ ಇದ್ರಂತೆ. ಬಡಿತ ನಿಲ್ಲಲೇ ಇಲ್ಲವಲ್ಲ ಅಂತ ಎದ್ದು ಬಂದ್ರು. ಅವರೇ ಆಟೋ ಕರೆಸಿದ್ರು.

ಆಟೋದಲ್ಲಿ ಹೋಗ್ತಾ ನಿಮ್ಮಮ್ಮ ಕಣ್ಣು ಬಿಟ್ಟಳು. ನನ್ನ ಕೈಲಿ ಸೌಟು ಹಂಗೇ ಇತ್ತು. ಅದನ್ನ ನೋಡಿ, ಬಡಿಸೋಕೆ ಬಂದಿದ್ದೀಯಾ ಅಂದಳು. ಆ ಮಾತು ಕೇಳಿದ ಮೇಲೇ ನನಗೆ ಉಸಿರು ಬಂದಿದ್ದು.

ಆಸ್ಪತ್ರೇಲಿ ಗ್ಲೂಕೋಸ್ ಬಾಟಲು ಹಾಕಿದ್ರು. ರಕ್ತ ಕಮ್ಮಿ ಇದೆ, ಬಿಪಿ ಇಳಿದಿತ್ತು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಅಂದ್ರು. ಸಂಜೆಗೆ ಮನೆಗೆ ಬಂದ್ವಿ. ನಿನಗೆ ಹೇಳಬೇಡಿ ಅಂತ ಶಾಮಲಮ್ಮನವರಿಗೆ ಅವಳೇ ಹೇಳಿದ್ದಳು, ಅವರ ಮೇಲೆ ಸಿಟ್ಟಾಗಬೇಡ. ಈಗ ದಿನಾ ಬೆಳಗ್ಗೆ ನಾನೇ ರಾಗಿ ಅಂಬಲಿ ಕಾಯಿಸಿ ಎದುರಿಗೆ ನಿಂತು ಕುಡಿಸ್ತೀನಿ. ಉಪ್ಪು ಜಾಸ್ತಿ ಅಂತಾಳೆ, ಕುಡೀತಾಳೆ.

ಮಾರನೇ ದಿನ ಬೆಳಗ್ಗೆ ಹಾಸಿಗೆ ಮೇಲೆ ಎದ್ದು ಕೂತು ನನ್ನನ್ನ ಹತ್ರ ಕರೆದಳು. ಜಗಳದ ಮಾತಲ್ಲ, ಮೆಲ್ಲಗೆ ಹೇಳಿದಳು.

"ಫೋನು ನೀನು ಮಾತಾಡ್ಲಿ ಅಂತಲ್ಲ ಕಣಯ್ಯ. ನೀನು ಇದ್ದೀಯ ಅಂತ ಮಗಳಿಗೆ ಗೊತ್ತಾಗ್ಲಿ ಅಂತ."

ಅವತ್ತೇ ಕದಿರೇಶನ ಅಂಗಡಿಗೆ ಹೋಗಿ ಲೈಫ್‌ಟೈಮ್ ತಗೊಂಡೆ. ನಿಮ್ಮಮ್ಮ ಸೋತು ಒಪ್ಪಿಕೊಂಡಳು ಅಂದ್ಕೋಬೇಡ, ನಾನು ಅವಳಿಗೆ ಕಾರಣ ತೋರಿಸಿದೆ. ಯಾವುದೋ ತಿಂಗಳು ಕೈಲಿ ದುಡ್ಡಿಲ್ಲದೆಯೋ ಮರೆತೋ ಕಾರ್ಡು ಹಾಕಿಸದೆ ಹೋದ್ರೆ, ನೀನು ಫೋನ್ ಮಾಡಿದಾಗ ಅದು ಬಾಯಿ ಮುಚ್ಕೊಂಡು ಕೂತಿರುತ್ತೆ. ಹಂಗಿರೋನು ಈ ಮನೇಲಿ ಒಬ್ಬ ಸಾಕು. ಮುನಿಯಲ್ಲಪ್ಪನವರ ಹಳೇ ಸೆಟ್ಟು, ಬ್ಯಾಟರಿ ಅಷ್ಟಕ್ಕಷ್ಟೇ, ಆದ್ರೆ ರಿಂಗು ಜೋರಾಗಿದೆ. ಇನ್ನೊಂದು ಲಾಭ ಯಾರೂ ಹೇಳಿರಲಿಲ್ಲ. ಮಿಸ್ಡ್ ಕಾಲಿಗೆ ದುಡ್ಡಿಲ್ಲ. ನಮ್ಮ ನಂಬರಿಂದ ಮಿಸ್ಡ್ ಕಾಲ್ ಬಂದ್ರೆ ಶಾಮಲಮ್ಮನವರು ಏನು ಎತ್ತ ಅಂತ ಕೇಳದೆ ಎದ್ದು ಬರಬೇಕು ಅಂತ ಮಾತಾಗಿದೆ. ಇನ್ನು ಮೇಲೆ ಬೀದೀಲಿ ತಟ್ಟೆ ಬಡಿಯೋ ಹಂಗಿಲ್ಲ. ಖರ್ಚಿನ ವಿಷಯಕ್ಕೆ ನಿಮ್ಮಮ್ಮನಿಗೆ ಸಮಾಧಾನ ಆಗೋ ಹಂಗೆ ಒಂದು ದಾರಿ ಮಾಡಿದ್ದೀನಿ. ವಾರಕ್ಕೊಂದು ಸಲ ನಾವೇ ಮಾಡ್ತೀವಿ, ಮಿಕ್ಕ ದಿನ ನಿನಗೆ ಅನುಕೂಲ ಆದಾಗ ನೀನು ಮಾಡು. ಅಳಿಯಂದಿರಿಗೆ ಒಂದು ಮಾತು ಹೇಳಿಬಿಡು. ನಂಬರ್ ಕಾಗದದ ಬೆನ್ನ ಮೇಲೆ ಬರೆದಿದ್ದೀನಿ.

ಎಸ್ಸೆಮ್ಮೆಸ್ ಅಭ್ಯಾಸ ನಡೀತಿದೆ. ಅರ್ಥವಾಗದೆ ಇದ್ರೂ ಚೆನ್ನಾಗಿದೆ ಅಂತ ಉತ್ತರ ಹಾಕು.

ರಸಪುರಿ ಒಂದು ಬುಟ್ಟಿ ಎತ್ತಿಟ್ಟಿದ್ದೀನಿ. ಮಾಲೂರು ಕಡೆ ಹೋಗೋ ಲಾರಿ ಸಿಕ್ಕಿದ್ರೆ ಕಳಿಸ್ತೀನಿ, ಹುಲ್ಲಲ್ಲಿಟ್ಟು ಎರಡು ದಿನ ಬಿಡು. ಮೈ ಕಡೆ ನೋಡ್ಕೋ. ನಿಮ್ಮಮ್ಮನ ಥರ ಹೊಟ್ಟೆ ಖಾಲಿ ಇಟ್ಕೊಂಡು ಕೆಲಸ ಮಾಡಬೇಡ. ಗಂಡ ಹೆಂಡತಿ ನಗ್ತಾ ನಗ್ತಾ ಬಾಳಿ, ನಿಮ್ಮ ಮನೇಲಿ ಯಾವತ್ತೂ ಮಾತು ತುಂಬಿರ್ಲಿ. ಅದೇ ನನ್ನ ಆಶೀರ್ವಾದ.

ಇಂತಿ,
ನಿನ್ನ ಅಪ್ಪ
ವೆಂಕಟರಾಯಪ್ಪ

ಮರೆತಿದ್ದೆ ಅಂತ ಬರೆದ್ರೆ ಸುಳ್ಳಾಗುತ್ತೆ. ಬರೀಲೋ ಬೇಡವೋ ಅಂತ ಇಷ್ಟು ಹೊತ್ತು ಯೋಚನೆ ಮಾಡ್ತಿದ್ದೆ. ಇದು ನಿಮ್ಮಮ್ಮನಿಗೂ ಗೊತ್ತಿಲ್ಲ. ಮೊದಲನೇ ಸಲ ಅಂಗಡಿಗೆ ಹೋದಾಗ ಕದಿರೇಶ, ಒಂದು ಸಲ ಮಾಡಿ ನೋಡಿ ಯಜಮಾನ್ರೇ, ಧ್ವನಿ ಎಷ್ಟು ಸ್ಪಷ್ಟ ಕೇಳುತ್ತೆ ಅಂತ ನಿಮಗೇ ಗೊತ್ತಾಗುತ್ತೆ ಅಂದ. ನಿನ್ನ ನಂಬರ್ ಕೊಟ್ಟೆ. ಅವನೇ ಒತ್ತಿ ನನ್ನ ಕಿವಿಗಿಟ್ಟ, ಅಷ್ಟರಲ್ಲಿ ಬೇರೆ ಯಾರೋ ಬಂದ್ರು ಅಂತ ಆಚೆ ಹೋದ. ಹೊಲಿಗೆ ಮಿಷನ್ ಸದ್ದು ಕೇಳಿಸ್ತು, ಅದನ್ನ ನಿಲ್ಲಿಸಿ ನೀನು ಹಲೋ ಅಂದೆ. ಆಪರೇಷನ್ ಆದ ಮೇಲೆ ನಿನ್ನ ಧ್ವನಿ ಫೋನಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಧ್ವನಿ ಇಲ್ಲ ಅನ್ನೋದು ಮರೆತೇಹೋಗಿ ಗಂಗಾ ಅನ್ನೋಕೆ ಬಾಯಿ ತೆಗೆದೆ. ಕುತ್ತಿಗೆ ತೂತಲ್ಲಿ ಗಾಳಿ ಬಂತು, ಅಷ್ಟೇ. ನೀನು ಮತ್ತೆ ಮತ್ತೆ ಹಲೋ ಅಂದೆ. ಆಮೇಲೆ, ಯಾರ್ರೀ ಅದು, ಮಾತಾಡೋಕೆ ಬಾಯಿಲ್ವಾ ಅಂತ ಕೇಳಿ ನೀನು ಫೋನ್ ಇಟ್ಟುಬಿಟ್ಟೆ.

ಅಳಬೇಡ. ಗೊತ್ತಿಲ್ಲದ ನಂಬರಿಂದ ಯಾರಾದ್ರೂ ಸುಮ್ಮನಿದ್ರೆ ಹೆಣ್ಣುಮಕ್ಕಳು ಹಂಗೇ ಕೇಳಬೇಕು. ಆದ್ರೆ ಅವತ್ತು ಮನೆವರೆಗೆ ನಡೆದು ಬರೋಷ್ಟರಲ್ಲಿ ಫೋನ್ ಬೇಡ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಆಮೇಲೆ ಹೇಳಿದ ಕಾರಣವೆಲ್ಲ, ಆ ರೇಟು ಈ ರೇಟು, ಬರೀ ನೆಪ.

ಇನ್ನು ಮೇಲೆ ಈ ನಂಬರಿಂದ ಫೋನ್ ಬಂದು ಆ ಕಡೆ ಯಾರೂ ಮಾತಾಡಲಿಲ್ಲ ಅಂದ್ರೆ, ಅದು ನಾನೇ. ಇಡಬೇಡ ತಲ್ಲಿ. ಇವತ್ತು ಏನು ಅಡಿಗೆ ಮಾಡಿದೆ ಅಂತ ಹೇಳು, ಸಾಕು.