ಹುಚ್ಚಕ್ಕನ ನೆಲಮಾಳಿಗೆಗೆ ನಮ್ಮ ಮನೆ ನೀರು

ಹೊಸದುರ್ಗ, ಅಕ್ಟೋಬರ್ 16, ಗುರುವಾರ

ನಮ್ಮಪ್ಪ ಮಾಡಿದ್ದು ಅನ್ಯಾಯ. ತನ್ನ ಬೈಕು ಸಲೀಸಾಗಿ ಹತ್ತಲೆಂದು ಬಾಗಿಲ ಮುಂದೆ ಸಿಮೆಂಟಿನ ಇಳಿಜಾರು ಹಾಕಿಸಿ ಚರಂಡಿಯನ್ನೇ ಮುಚ್ಚಿಸಿದ. ಗೋಡೆಗೆ ಗೋಡೆ ಅಂಟಿದ ಈ ಹಳೇ ಸಾಲುಮನೆಗಳಲ್ಲಿ ಒಬ್ಬರು ತಡೆದ ನೀರು ಪಕ್ಕದವರ ಮನೆಗೇ ನುಗ್ಗುತ್ತದೆ. ಇವತ್ತಿನ ಮಳೆಯೆಲ್ಲ ಪಕ್ಕದ ಮನೆ ಹುಚ್ಚಕ್ಕನ ನೆಲಮಾಳಿಗೆಗೆ ಇಳಿಯಿತು. ತಂಪಿಗೆ ಉಣ್ಣೆ ನೂಲು ತುಂಡಾಗುವುದಿಲ್ಲವೆಂದು ಅವಳು ಕಂಬಳಿ ಮಗ್ಗವನ್ನು ಅಲ್ಲೇ ಇಟ್ಟಿದ್ದಾಳೆ.

ಸಂಜೆ ಅವಳ ಜೊತೆ ನಿಂತು ಬಕೆಟ್‌ನಲ್ಲಿ ನೀರು ಎತ್ತಿ ಹೊರಗೆ ಚೆಲ್ಲಿದೆ. ನೂಲು ಗಟ್ಟಿಯಾಗಲೆಂದು ಬಳಿದಿದ್ದ ಹುಣಸೆ ಬೀಜದ ಗಂಜಿ ಚರಂಡಿ ನೀರಲ್ಲಿ ಕಲಸಿಕೊಂಡು ಲೋಳೆಯಾಗಿತ್ತು. ಎಷ್ಟು ಸೋಪು ಹಾಕಿದರೂ ಕೈ ಇನ್ನೂ ನಾರುತ್ತಿದೆ.

ಆ ಇಳಿಜಾರು ಒಡೆಯುತ್ತೇನೆ ಎಂದಾಗ ಹುಚ್ಚಕ್ಕ ನಕ್ಕಳು.

"ಲೇ ದುರ್ಗೇಶ, ಬಾಯಾಗೆ ಆಗ್ಲೇ ಅರ್ಧ ಒಡ್ದುಬಿಟ್ಟೆ. ನಿಮ್ಮಪ್ಪನ ಎದುರಿಗೆ ಹಾರೆ ಎತ್ತಿ ತೋರ್ಸು, ಕಲ್ಲು ಹೊರಾಕೆ ನಾನೇ ಪುಟ್ಟಿ ತರ್ತೀನಿ."

ಊಟಕ್ಕೆ ಕೂತಾಗ ಅಪ್ಪನಿಗೆ ಆ ನೆಲಮಾಳಿಗೆಯ ಸ್ಥಿತಿ ಹೇಳಿದೆ. ಅಪ್ಪ ಮತ್ತೆ ಸಾರು ಹಾಕಿಸಿಕೊಂಡು ಉಂಡ.

"ನೀರು ತಗ್ಗಿಗೆ ಹರಿತೈತೆ. ಅದಕ್ಕೆ ನಾನೇನ್ ಮಾಡ್ಲಪ್ಪ?"

ತಗ್ಗಿನಲ್ಲಿರುವವರಿಗೆ ಎಲ್ಲರೂ ಹೇಳುವುದು ಇದನ್ನೇ. ಹೋರಾಟದ ಕರಪತ್ರಗಳಲ್ಲಿ ಇಂಥ ಮಾತು ಓದಿದಾಗ ಸಿಟ್ಟು ಬರುತ್ತಿತ್ತು. ನಮ್ಮ ಪಡಸಾಲೆಯಲ್ಲೇ ಕೇಳಿದಾಗ ತಟ್ಟೆ ಬಿಟ್ಟು ಎದ್ದೆ.

ಇಂಥದೇ ಇನ್ನೊಂದು ಮಳೆ ಬಿದ್ದರೆ ಅವಳ ಮಗ್ಗವೂ ಹೋಗುತ್ತದೆ, ಅನ್ನವೂ ಹೋಗುತ್ತದೆ. ನಾನು ಕದ್ದು ಒಡೆಯುವವನಲ್ಲ. ಅಪ್ಪನಿಗೂ ಹೇಳಿದೆ, ಗೋಡೆಯಾಚೆ ಹುಚ್ಚಕ್ಕನಿಗೂ ಕೂಗಿ ಹೇಳಿದೆ: ಭಾನುವಾರ ಬೆಳಿಗ್ಗೆ ಆರಕ್ಕೆ, ನಮ್ಮ ಬಾಗಿಲ ಮುಂದೆ.