ಮ್ಯಾನೇಜರ ಹತ್ತು ಅಂಗಿ

ಮಂಗಳವಾರ, ೧೪

ಆ ಮಾತು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಬೆಳಿಗ್ಗೆ ಕಾರ್ಖಾನೆಯ ಮ್ಯಾನೇಜರು ನಮ್ಮ ಲಾಂಡ್ರಿಯ ಮುಂದೆ ಬೀದಿಯವರನ್ನೆಲ್ಲ ಸೇರಿಸಿ ಹೇಳಿದರು: "ನಾವು ಬಿಡೋ ಹೊಗೆಗೆಲ್ಲ ಇಂಗಾಲದ ತೆರಿಗೆ ಕಟ್ತಿದ್ದೀವಿ. ಬೇರೆ ಕಡೆ ಕಾಡೂ ಬೆಳೆಸ್ತೀವಿ. ಅಲ್ಲಿಗೆ ಸರಿಹೋಯ್ತಲ್ಲ."

ಅತ್ತೆ ಕೆಮ್ಮುತ್ತಲೇ ಕೇಳಿದರು, "ಕಾಡು ಅಲ್ಲಿ, ಕೆಮ್ಮು ಇಲ್ಲಿ. ಆ ತೆರಿಗೆ ದುಡ್ಡಲ್ಲಿ ನಮ್ಮ ಬೀದಿಗೇನಪ್ಪ?"

ಮ್ಯಾನೇಜರು ನಕ್ಕು ಮಾತು ತೇಲಿಸಿದರು. ಅಷ್ಟು ನಯವಾಗಿ ನಗುವವರನ್ನು ನಾನು ನಂಬುವುದಿಲ್ಲ. ಆದರೂ ತಲೆಯಾಡಿಸಿದೆ. ವಾರವಾರ ಬಟ್ಟೆ ಕೊಡುವ ಗಿರಾಕಿ. ಈಗ ನನ್ನ ಮೇಲೂ ನನಗೆ ಅನುಮಾನ.

ಎಲ್ಲರೂ ಹೋದ ಮೇಲೆ ಬಿಳಿ ಅಂಗಿಗಳ ಗಂಟು ಕೊಟ್ಟು, ದನಿ ತಗ್ಗಿಸಿ ಅಂದರು: "ಇವನ್ನ ಮಾತ್ರ ಹೊರಗೆ ಒಣಹಾಕ್ಬೇಡಮ್ಮ. ಮಸಿ ಕೂರುತ್ತೆ."

ಹೂಂ ಅಂದೆ. ಚೆನ್ನಾಗಿಯೇ ಒಗೆದೆ. ಹತ್ತೂ ಅಂಗಿ ಈಗ ಹೊರಗಿನ ತಂತಿಯ ಮೇಲಿವೆ.