ತಳದ ಬಿರಡೆ

ಸುರಬಾಯ

ಸುಮಿಯಾತಿ ಅಮ್ಮನವರಿಗೆ,

ಮಗ ಗುನಾದಿಯ ನೆನಪಿಗೆ ಏನಾದರೂ ಕಳಿಸು ಎಂದಿರಿ. ಅವನ ಟೋಪಿ ಕಳಿಸಿದ್ದೇನೆ, ಒಗೆಯಬೇಡಿ.

ನಮ್ಮ ಎಂಟು ಗಾಲಿಯ ಸೇನಾಗಾಡಿ ಕಡಲಲ್ಲೂ ಈಜುತ್ತದೆ. ತೊಳೆದ ನೀರು ಹರಿಯಲೆಂದು ಅದರ ತಳದ ಬಿರಡೆಗಳನ್ನು ಬಿಚ್ಚಿ ಮತ್ತೆ ಬಿಗಿಯುವುದು ನನ್ನ ಕೆಲಸ. ನೀರಿಗಿಳಿಸುವ ಮುನ್ನ ಗಾಡಿ ಓಡಿಸುವ ಗುನಾದಿ ಅದರಡಿಗೆ ನುಸುಳಿ ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದ. ಅಂದು ನಾನೇ ತಡೆದೆ: "ನನ್ನ ಮೇಲೂ ನಂಬಿಕೆ ಇಲ್ವೇನೋ?"

"ನಂಗೆ ಹೆಣ್ಣು ಹುಡ್ಕೋದನ್ನೇ ನಿಂಗೆ ಬಿಟ್ಟಿದೀನಿ, ಬಿರಡೆ ಏನ್ ಮಹಾ!" ಎಂದು ನಕ್ಕು ಹತ್ತಿದ. ಗಾಡಿ ಮುಳುಗುವಾಗ ಒಳಗಿದ್ದವರನ್ನೆಲ್ಲ ಮೇಲಕ್ಕೆ ದೂಡಿ, ಅವನೊಬ್ಬ ಒಳಗೇ ಉಳಿದ.

ಅಲೆ ಮುಳುಗಿಸಿತು ಎಂದು ನಿಮಗೆ ಹೇಳಿದ್ದಾರೆ. ಟೋಪಿಯೊಳಗೆ ಒಂದು ಬಿರಡೆ ಇಟ್ಟಿದ್ದೇನೆ. ಅಂದು ಅದು ನನ್ನ ಜೇಬಿನಲ್ಲಿತ್ತು.

ಪ್ರತಿ ಲೆಬರಾನ್ ಹಬ್ಬಕ್ಕೆ ಅವನೊಂದಿಗೆ ನಿಮ್ಮ ಮಡಿಲಿಗೆ ಹಣೆಯಿಟ್ಟು, ಮಾಡದ ತಪ್ಪುಗಳಿಗೂ ಕ್ಷಮೆ ಕೇಳುತ್ತಿದ್ದೆ. ಈ ಸಲ ಬರಲೇ?

ವಿರ್ಯೋ, ಮೆಕ್ಯಾನಿಕ್